ಊರ ಪಕ್ಕದ ವಿಶ್ವವಿದ್ಯಾಲಯದಿಂದ ಊರಿಗೇನು ಲಾಭ?

ಪ್ರಶ್ನೆ: ನಮ್ಮ ಪಟ್ಟಣದ ಬಳಿ ವಿಶ್ವವಿದ್ಯಾಲಯದ ಕ್ಯಾಂಪಸ್ ಬರಲಿದೆ ಎನ್ನುತ್ತಾರೆ. ಕೆಲವರಿಗೆ ನೌಕರಿ ಸಿಗುವುದನ್ನು ಬಿಟ್ಟರೆ, ಊರಿಗೆ ಇದರಿಂದ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ: ಇದೆ. ಆದರೆ ಅದು ಎಷ್ಟೆಂಬುದು ಕ್ಯಾಂಪಸ್ಸಿಗೂ ಊರಿಗೂ ನಡುವೆ ದಿನನಿತ್ಯದ ಒಡನಾಟ ಎಷ್ಟಿರುತ್ತದೆ ಎಂಬುದನ್ನು ಅವಲಂಬಿಸಿದೆ.

ಧಾರವಾಡವನ್ನೇ ನೋಡಿ. ರೈಲ್ವೆ ಕಾರ್ಯಾಗಾರ ಮತ್ತು ದೊಡ್ಡ ವ್ಯಾಪಾರ ಹುಬ್ಬಳ್ಳಿಯ ಪಾಲಾದವು. ಧಾರವಾಡಕ್ಕೆ ಒದಗಿದ್ದು ವಿದ್ಯೆ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷವೇ ಇಲ್ಲಿಗೆ ಬಂತು. 1954ರಿಂದ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಕಾಲದಲ್ಲಿ ವಿಸ್ತಾರವಾಗಿ ಬೆಳೆದ ಆ ಆವರಣಕ್ಕೆ ಇಂದಿಗೂ ಪಾವಟೆ ನಗರವೆಂದೇ ಹೆಸರು. ಅಲ್ಲಿಗೆ ಓದಲು ಬಂದ ಹಳ್ಳಿಯ ಮಕ್ಕಳಿಗೆ ವಸತಿನಿಲಯ ಸಾಲದಾದಾಗ ಸುತ್ತಲಿನ ಮನೆಗಳವರು ಕೋಣೆಗಳನ್ನು ಬಾಡಿಗೆಗೆ ಕೊಟ್ಟರು, ಖಾನಾವಳಿಗಳು ತೆರೆದವು, ಪುಸ್ತಕದಂಗಡಿಗಳೂ ಜೆರಾಕ್ಸ್ ಅಂಗಡಿಗಳೂ ಬಂದವು. ಪದವಿ ಮುಗಿಸಿದವರು ಸ್ಪರ್ಧಾತ್ಮಕ ಪರೀಕ್ಷೆಗಾಗಿ ಅಲ್ಲಿಯೇ ಉಳಿದದ್ದರಿಂದ ಸಪ್ತಾಪುರದ ಸುತ್ತ ಕೋಚಿಂಗ್ ಕೇಂದ್ರಗಳ ಒಂದು ಬಡಾವಣೆಯೇ ಬೆಳೆಯಿತು. ಯಾವ ಸರ್ಕಾರಿ ಯೋಜನೆಯಲ್ಲೂ ಬರೆದಿರದ ಈ ಸಣ್ಣ ಸಂಪಾದನೆಯೇ ನನ್ನ ದೃಷ್ಟಿಯಲ್ಲಿ ಕ್ಯಾಂಪಸ್ಸಿನ ದೊಡ್ಡ ಕೊಡುಗೆ, ಏಕೆಂದರೆ ಅದು ವಿಧವೆಯೊಬ್ಬಳು ನಡೆಸುವ ರೊಟ್ಟಿಯ ಖಾನಾವಳಿಯವರೆಗೂ ತಲುಪುತ್ತದೆ.

ಹಣಕ್ಕಿಂತ ಆಚೆಗಿನ ಲಾಭವೂ ಉಂಟು. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ನಡೆಸುವ ಕೃಷಿ ಮೇಳಕ್ಕೆ ಹಿಂಗಾರು ಬಿತ್ತನೆಗೆ ಮುನ್ನ ಸುತ್ತಲಿನ ಜಿಲ್ಲೆಗಳ ರೈತರು ಬಂದು ಬೀಜ ಕೊಂಡು, ವಿಜ್ಞಾನಿಗಳನ್ನು ಎದುರಿಗೇ ಪ್ರಶ್ನಿಸಿ ಹೋಗುತ್ತಾರೆ.

ಎಲ್ಲೆಡೆಯೂ ಹೀಗಾಗುವುದಿಲ್ಲ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಕಲಬುರಗಿಗೆ ಬಸ್ಸು ಹಿಡಿದೇ ಹೋಗಬೇಕು. ಅಷ್ಟು ದೂರದ ಆವರಣದೊಳಗೆ ಊಟ, ವಸತಿ ಎಲ್ಲವೂ ಇದ್ದರೆ ವಿದ್ಯಾರ್ಥಿ ನಗರದಲ್ಲಿ ಖರ್ಚು ಮಾಡುವ ಸಂದರ್ಭವೇ ಕಡಿಮೆ.

ಇನ್ನು ತೊಂದರೆಗಳು. ಕೋಣೆಗಳ ಬಾಡಿಗೆ ಏರಿದಾಗ ಸ್ಥಳೀಯ ಬಾಡಿಗೆದಾರರಿಗೂ ಅದರ ಬಿಸಿ ತಟ್ಟುತ್ತದೆ. ನೀರಿನ ಬೇಡಿಕೆಯೂ ಹೆಚ್ಚುತ್ತದೆ. ಧಾರವಾಡವೇ ಸವದತ್ತಿಯ ಮಲಪ್ರಭಾ ಜಲಾಶಯದಿಂದ ನೀರು ತರಿಸಿಕೊಳ್ಳಬೇಕಾಗಿದೆ. ಆದುದರಿಂದ ಶಂಕುಸ್ಥಾಪನೆಗೆ ಮೊದಲೇ ನಿಮ್ಮ ಪುರಸಭೆಯವರನ್ನು ಮೂರು ಮಾತು ಕೇಳಿ: ನೀರು ಎಲ್ಲಿಂದ ಬರುತ್ತದೆ, ರಾತ್ರಿ ಎಷ್ಟು ಹೊತ್ತಿನವರೆಗೆ ಬಸ್ಸು ಓಡುತ್ತದೆ, ಗ್ರಂಥಾಲಯದಲ್ಲಿ ಊರಿನವರಿಗೂ ಕುಳಿತು ಓದಲು ಅವಕಾಶವಿದೆಯೇ.