ಗುಂಡು ಮೊದಲು, ಬಂದೂಕು ಆಮೇಲೆ: ಸೈನಿಕ ರೈಫಲ್ ಬೆಳೆದು ಬಂದ ಬಗೆ

ಸೈನಿಕ ರೈಫಲ್‌ನ ಇತಿಹಾಸವನ್ನು ಬ್ರೌನ್ ಬೆಸ್, ಎನ್‌ಫೀಲ್ಡ್, ಮಾರ್ಟಿನಿ, ಮೌಸರ್, ಕಲಾಶ್ನಿಕೋವ್ ಎಂದು ಹೆಸರುಗಳ ಪಟ್ಟಿಯಾಗಿ ಓದಿದವರಿಗೆ ಪರೀಕ್ಷೆಯ ಮರುದಿನ ಏನೂ ನೆನಪಿರುವುದಿಲ್ಲ. ನಾನೂ ಹಾಗೆಯೇ ಓದಿ ಮರೆತವನು. ಎರಡನೆಯ ಬಾರಿ ಓದುವಾಗ ಪಟ್ಟಿಯನ್ನು ಬದಿಗಿಟ್ಟು, ಪ್ರತಿಯೊಂದು ಘಟ್ಟದಲ್ಲೂ ನಳಿಗೆಯೊಳಗೆ ಏನು ಹೋಗುತ್ತಿತ್ತು ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡೆ. ಆಗ ಕಂಡದ್ದಿಷ್ಟು: ಬಹುತೇಕ ಎಲ್ಲ ಕಡೆಯೂ ಮೊದಲು ಬದಲಾದದ್ದು ಗುಂಡು, ಅದನ್ನು ತಳ್ಳುವ ಮದ್ದು, ಅಥವಾ ಇವೆರಡನ್ನೂ ಒಟ್ಟಿಗೆ ಕಟ್ಟಿಡುವ ತೋಟೆ, ಅಂದರೆ ಕಾಡತೂಸು, ಬಂದೂಕು ಅದರ ಹಿಂದೆ ನಡೆಯಿತು. ಬ್ರಿಟಿಷ್ ಸೈನ್ಯದ ನಳಿಗೆಯ ಅಳತೆಯನ್ನಷ್ಟೇ ತೆಗೆದುಕೊಂಡರೂ 18ನೇ ಶತಮಾನದಲ್ಲಿ 19 ಮಿಲಿಮೀಟರ್ ಇದ್ದದ್ದು 1853ರಲ್ಲಿ 14.7, 1871ರಲ್ಲಿ 11.4, 1888ರಲ್ಲಿ 7.7 ಆಗಿ, ಇಂದು 5.56ಕ್ಕೆ ಇಳಿದಿದೆ. ಈ ಇಳಿಕೆಯ ಒಂದೊಂದು ಮೆಟ್ಟಿಲಿಗೂ ಒಂದು ಕಾರಣವಿದೆ.

ರೈಫಲ್ ಎಂಬುದು ಆಯುಧದ ಹೆಸರಾಗುವ ಮೊದಲು ನಳಿಗೆಯ ಒಳಮೈಯಲ್ಲಿ ಸುರುಳಿ ತೋಡುಗಳನ್ನು ಕೊರೆಯುವ ಕೆಲಸದ ಹೆಸರಾಗಿತ್ತು. ಈ ತೋಡುಗಳನ್ನು ಕಚ್ಚಿಕೊಂಡು ಹೊರಬರುವ ಗುಂಡು ಬುಗುರಿಯ ಹಾಗೆ ತನ್ನ ಸುತ್ತ ತಾನೇ ತಿರುಗುತ್ತದೆ, ತಿರುಗುವ ಬುಗುರಿ ವಾಲದೆ ನಿಲ್ಲುವಂತೆಯೇ ಅದೂ ದಿಕ್ಕು ಕೆಡದೆ ಸಾಗುತ್ತದೆ. ತೋಡಿಲ್ಲದ ನುಣುಪು ನಳಿಗೆಯ ಬಂದೂಕು ಮಸ್ಕೆಟ್. ಅದನ್ನು ರೈಫಲ್ ಎಂದು ಬರೆಯುವುದು ತಪ್ಪು.

ಇಲ್ಲಿಯೇ ಮೊದಲ ತೊಡಕು ಏಳುತ್ತದೆ. ಜರ್ಮನ್ ನಾಡುಗಳ ಬಂದೂಕುಗಾರರಿಗೆ 16ನೇ ಶತಮಾನದ ಹೊತ್ತಿಗೇ ತೋಡು ಕೊರೆಯುವ ವಿದ್ಯೆ ಗೊತ್ತಿತ್ತು. ಹಾಗಿದ್ದರೂ ಸೈನ್ಯಗಳು ಮುಂದಿನ 300 ವರ್ಷ ಮಸ್ಕೆಟ್ಟನ್ನೇ ಏಕೆ ಹಿಡಿದುಕೊಂಡಿದ್ದವು? ಉತ್ತರ ಕಪ್ಪು ಮದ್ದಿನಲ್ಲಿದೆ. ಇದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆಯ ಕಣಗಳಾಗಿ, ಮಸಿಯಾಗಿ ಉಳಿದುಬಿಡುತ್ತದೆ. ನಾಲ್ಕಾರು ಈಡು ಹಾರಿಸುವಷ್ಟರಲ್ಲಿ ನಳಿಗೆಯ ಒಳಗೆ ಮಸಿ ಕಟ್ಟುತ್ತದೆ. ಆದ್ದರಿಂದ ಬ್ರಿಟಿಷ್ ಸೈನ್ಯದ ಬ್ರೌನ್ ಬೆಸ್ ಮಸ್ಕೆಟ್ಟಿನಲ್ಲಿ ನಳಿಗೆಗಿಂತ ಸುಮಾರು ಒಂದೂವರೆ ಮಿಲಿಮೀಟರ್ ಕಿರಿದಾದ ಗುಂಡನ್ನೇ ಬಳಸುತ್ತಿದ್ದರು. ಮಸಿಯಿದ್ದರೂ ಗುಂಡು ಬಾಯಿಯಿಂದ ತಳದವರೆಗೆ ಜಾರುತ್ತಿತ್ತು, ಪಳಗಿದ ಸೈನಿಕ ನಿಮಿಷಕ್ಕೆ ಮೂರು ಈಡು ಹಾರಿಸುತ್ತಿದ್ದ. ಹೊರಡುವಾಗ ಆ ಗುಂಡು ನಳಿಗೆಯ ಗೋಡೆಗೆ ಅಲ್ಲಿ ಇಲ್ಲಿ ತಾಗುತ್ತಾ ಹೋಗುತ್ತಿದ್ದುದರಿಂದ 100 ಗಜದಾಚೆ ಒಬ್ಬನೇ ಮನುಷ್ಯನಿಗೆ ಗುರಿಯಿಡುವುದರಲ್ಲಿ ಅರ್ಥವಿರಲಿಲ್ಲ. ಸೈನಿಕರು ಹೆಗಲಿಗೆ ಹೆಗಲು ತಾಗಿಸಿ ಸಾಲುಗಟ್ಟಿ ಒಟ್ಟಿಗೇ ಗುಂಡು ಹಾರಿಸುತ್ತಿದ್ದುದು ಈ ಕಾರಣದಿಂದ. ರೈಫಲ್‌ನಲ್ಲಾದರೋ ಗುಂಡು ತೋಡುಗಳನ್ನು ಕಚ್ಚಲೇಬೇಕು, ಕಚ್ಚಬೇಕಾದರೆ ಬಿಗಿಯಾಗಿರಬೇಕು, ಬಿಗಿಯಾಗಿದ್ದರೆ ಬಾಯಿಯಿಂದ ತುಂಬುವುದು ಹೆಣಗಾಟವೇ ಸರಿ. 1800ರಲ್ಲಿ ಬ್ರಿಟಿಷರು ಆರಿಸಿಕೊಂಡ ಬೇಕರ್ ರೈಫಲ್‌ನ ಜೊತೆಗೆ, ಎಣ್ಣೆ ಸವರಿದ ತೊಗಲಿನ ತುಂಡಿನಲ್ಲಿ ಸುತ್ತಿದ ಗುಂಡನ್ನು ಒಳಕ್ಕೆ ಬಡಿಯಲು ಮೊದಮೊದಲು ಒಂದು ಸಣ್ಣ ಮರದ ಸುತ್ತಿಗೆಯನ್ನೂ ಕೊಡುತ್ತಿದ್ದರಂತೆ. ಹೀಗಾಗಿ ರೈಫಲ್ ಕೆಲವೇ ವಿಶೇಷ ತುಕಡಿಗಳ ಕೈಯಲ್ಲಿ ಉಳಿಯಿತು.

ನಡುವೆ ಇನ್ನೊಂದು ಬದಲಾವಣೆಯಾಯಿತು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿ ಹಕ್ಕಿ ಬೇಟೆಯ ಹುಚ್ಚಿನವರು. ಚಕಮಕಿ ಕಲ್ಲಿನ ಬಂದೂಕಿನಲ್ಲಿ ಗುಂಡು ಹೊರಡುವ ಮೊದಲೇ ಕಿಡಿಯ ಬೆಳಕು ಕಂಡು ಹಕ್ಕಿ ಹಾರಿಹೋಗುತ್ತಿತ್ತು. ಏಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಕಿಡಿಯ ಬದಲಿಗೆ ಬಳಸುವ ಉಪಾಯಕ್ಕೆ ಅವರು 1807ರಲ್ಲಿ ಹಕ್ಕುಪತ್ರ ಪಡೆದರು. ಇದೇ ಮುಂದೆ ತಾಮ್ರದ ಪುಟ್ಟ ಟೋಪಿಯಾಯಿತು. ಮಲೆನಾಡಿನವರು ಈಗಲೂ ಕೇಪಿನ ಕೋವಿ ಎನ್ನುವಾಗ ಆ ‘ಕೇಪು’ ಇದೇ ಕ್ಯಾಪ್. ಮಳೆಯಲ್ಲೂ ನಂಬಬಹುದಾದ ಮೊದಲ ಬಂದೂಕು ಅದು.

ಮಿನಿಯೇ ಗುಂಡು ಮತ್ತು 1857

ಬಿಗಿಯ ತೊಡಕನ್ನು ಬಿಡಿಸಿದವರು ಫ್ರೆಂಚರು. ತುಂಬುವಾಗ ಸಡಿಲವಾಗಿದ್ದು ಹಾರುವಾಗ ಬಿಗಿಯಾಗುವ ಗುಂಡು ಬೇಕೆಂದು ಡೆಲ್ವಿನ್ ಮೊದಲಾದವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಯೋಗ ಮಾಡಿದ್ದರು. 1849ರಲ್ಲಿ ಕ್ಲೋಡ್ ಎತಿಯೆನ್ ಮಿನಿಯೇ ಎಂಬ ಸೇನಾಧಿಕಾರಿ ರೂಪಿಸಿದ ಗುಂಡು ಗೋಲಿಯಾಕಾರದ್ದಲ್ಲ. ಮುಂದೆ ಮೊನಚು, ಹಿಂದೆ ಟೊಳ್ಳು. ನಳಿಗೆಗಿಂತ ತುಸು ಕಿರಿದಾದ ಅದು ಸಲೀಸಾಗಿ ತಳಕ್ಕೆ ಇಳಿಯುತ್ತಿತ್ತು. ಮದ್ದು ಹೊತ್ತಿದಾಗ ಅನಿಲದ ಒತ್ತಡ ಟೊಳ್ಳಿನೊಳಗೆ ನುಗ್ಗಿ ಮೆತ್ತನೆಯ ಸೀಸದ ಅಂಚನ್ನು ಹಿಗ್ಗಿಸುತ್ತಿತ್ತು, ಹಿಗ್ಗಿದ ಅಂಚು ತೋಡುಗಳನ್ನು ಕಚ್ಚುತ್ತಿತ್ತು. ನಳಿಗೆ ಹಳೆಯದೇ, ಗುಂಡನ್ನು ಒಳಕ್ಕೆ ತಳ್ಳುವ ಕೋಲಾದ ಗಜವೂ ಹಳೆಯದೇ. ಬದಲಾದದ್ದು ಗುಂಡಿನ ಆಕಾರ ಮಾತ್ರ. ಅಷ್ಟರಿಂದಲೇ ಸಾಮಾನ್ಯ ಸೈನಿಕನ ಕೈಗೆ ರೈಫಲ್ ಬಂತು.

ಇದೇ ತತ್ತ್ವದ ಮೇಲೆ ಬ್ರಿಟಿಷರು ಮಾಡಿದ್ದು 1853ರ ಎನ್‌ಫೀಲ್ಡ್. ಕೆಲವರು ಇದನ್ನು ‘ರಾಯಲ್ ಎನ್‌ಫೀಲ್ಡ್ ಬಂದೂಕು’ ಎಂದು ಬರೆಯುವುದುಂಟು. ರಾಯಲ್ ಎನ್‌ಫೀಲ್ಡ್ ಎಂಬುದು ಮೋಟಾರ್‌ಬೈಕಿನ ಹೆಸರು. ಬಂದೂಕಿನ ಹೆಸರು ಲಂಡನ್ ಬಳಿಯ ಎನ್‌ಫೀಲ್ಡ್ ಊರಿನಲ್ಲಿದ್ದ ಸರ್ಕಾರಿ ಶಸ್ತ್ರ ಕಾರ್ಖಾನೆಯಿಂದ ಬಂದದ್ದು. ಬೈಕಿನ ಹೆಸರಿಗೂ ಅದೇ ಕಾರ್ಖಾನೆ ಮೂಲವಾದ್ದರಿಂದ ಈ ಗೊಂದಲವನ್ನು ಕ್ಷಮಿಸಬಹುದು, ಉತ್ತರಪತ್ರಿಕೆಯಲ್ಲಿ ಬರೆಯುವಂತಿಲ್ಲ.

ಎನ್‌ಫೀಲ್ಡ್‌ನ ತೋಟೆ ಒಂದು ಕಾಗದದ ಕೊಳವೆ. ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಗುಂಡು. ಸಿಪಾಯಿ ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಕಾಗದ ಸುತ್ತಿದ ಗುಂಡನ್ನು ತಲೆಕೆಳಗಾಗಿಸಿ ಬಾಯಿಗಿಟ್ಟು, ಉಳಿದ ಕಾಗದವನ್ನು ಹರಿದೆಸೆದು, ಗಜದಿಂದ ತಳ್ಳುತ್ತಿದ್ದ. ಇಲ್ಲಿ ಗಮನಿಸಬೇಕಾದದ್ದು, ಹಲ್ಲಿನಿಂದ ಕಚ್ಚುವುದು ಹೊಸದೇನೂ ಆಗಿರಲಿಲ್ಲ ಎಂಬುದು; ಬ್ರೌನ್ ಬೆಸ್ಸಿನ ತೋಟೆಯನ್ನೂ ಸಿಪಾಯಿಗಳು ಹಾಗೆಯೇ ಕಚ್ಚುತ್ತಿದ್ದರು. ಹೊಸದಾಗಿ ಬಂದದ್ದು ಕೊಬ್ಬು. ಮಸ್ಕೆಟ್ಟಿನ ಸಡಿಲ ಗುಂಡಿಗೆ ಜಿಡ್ಡು ಬೇಕಿರಲಿಲ್ಲ, ತೋಡಿನ ನಳಿಗೆಯಲ್ಲಿ ಮಸಿ ಗಟ್ಟಿಯಾಗದಿರಲು, ಗುಂಡು ಜಾರಲು ಜಿಡ್ಡು ಬೇಕಾಯಿತು. ಜೇನುಮೇಣದೊಂದಿಗೆ ಬೆರೆಸಿದ ಕೊಬ್ಬು ಯಾವ ಪ್ರಾಣಿಯದು ಎಂಬುದರ ಬಗ್ಗೆ ಅಧಿಕಾರಿಗಳು ಎಚ್ಚರ ವಹಿಸಲಿಲ್ಲ. ಕಲ್ಕತ್ತೆಯ ಬಳಿಯ ಡಂಡಂನಲ್ಲಿ 1857ರ ಜನವರಿಯಲ್ಲಿ ಹಬ್ಬಿದ ಹಸು ಮತ್ತು ಹಂದಿಯ ಕೊಬ್ಬಿನ ಸುದ್ದಿ ಮಾರ್ಚ್ ಹೊತ್ತಿಗೆ ಬ್ಯಾರಕ್‌ಪುರಕ್ಕೆ, ಮೇ ತಿಂಗಳಿಗೆ ಮೀರತ್ತಿಗೆ ಏನು ಮಾಡಿತೆಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಸಿಪಾಯಿಗಳು ತಮ್ಮದೇ ಎಣ್ಣೆ, ತುಪ್ಪ ಬಳಸಬಹುದು, ಕೈಯಲ್ಲೇ ಹರಿಯಬಹುದು ಎಂದು ನಿಯಮ ಸಡಿಲಿಸಿದ್ದರೂ ಅಷ್ಟರಲ್ಲಿ ಅನುಮಾನ ಬೇರೂರಿತ್ತು. ದಂಗೆಗೆ ಬೇರೆ ದೊಡ್ಡ ಕಾರಣಗಳಿದ್ದವು, ನಿಜ. ಆದರೆ ‘ತಕ್ಷಣದ ಕಾರಣ’ ಎಂದು ನಾವು ಒಂದು ಸಾಲಿನಲ್ಲಿ ಬರೆದು ಮುಗಿಸುವ ಕೊಬ್ಬು ಸುರುಳಿ ತೋಡಿನಿಂದ ಹುಟ್ಟಿದ ಯಾಂತ್ರಿಕ ಅಗತ್ಯವಾಗಿತ್ತು ಎಂಬುದನ್ನು ಮರೆಯಬಾರದು.

ಆ ಯುದ್ಧದಲ್ಲಿ ದಂಗೆಯೆದ್ದವರ ಕೈಯಲ್ಲಿದ್ದುದು ಬಹುಪಾಲು ಹಳೆಯ ಮಸ್ಕೆಟ್ಟುಗಳೇ, ಎದುರಿಗಿದ್ದ ಬ್ರಿಟಿಷ್ ದಳಗಳಲ್ಲಿ ಎನ್‌ಫೀಲ್ಡ್. ದಂಗೆ ಅಡಗಿದ ಮೇಲೆ ಭಾರತೀಯ ದಳಗಳಿಗೆ ನೋಡಲು ಎನ್‌ಫೀಲ್ಡಿನಂತೆಯೇ ಇದ್ದರೂ ಒಳಗೆ ತೋಡಿಲ್ಲದ ಬಂದೂಕುಗಳನ್ನು ಮಾಡಿಸಿ ಕೊಟ್ಟರು, ಮುಂದೆಯೂ ಬಹುಕಾಲ ಅವರ ಆಯುಧ ಬ್ರಿಟಿಷ್ ದಳಗಳಿಗಿಂತ ಒಂದು ತಲೆಮಾರು ಹಿಂದೆಯೇ ಇರುವಂತೆ ನೋಡಿಕೊಂಡರು. ಭಾರತೀಯರ ಕೈಯಲ್ಲಿ ಒಳ್ಳೆಯ ಆಯುಧ ಇರಬಾರದೆಂಬ ಬ್ರಿಟಿಷರ ಈ ಭಯ ಕರ್ನಾಟಕಕ್ಕೆ ತಟ್ಟಿದ್ದು ಇನ್ನೊಂದು ದಾರಿಯಿಂದ: ಜನರ ಕೈಯಿಂದ ಆಯುಧ ಕಸಿದುಕೊಳ್ಳುವ 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿ ಮುಧೋಳ ಸೀಮೆಯ ಹಲಗಲಿಯ ಬೇಡರು ಎದ್ದು ನಿಂತದ್ದು ಅದೇ ವರ್ಷದ ನವೆಂಬರಿನಲ್ಲಿ.

ಹಿಂದಿನಿಂದ ತುಂಬುವ ಬಂದೂಕು

ಬಾಯಿಯಿಂದ ತುಂಬಬೇಕಾದರೆ ಸೈನಿಕ ನಿಂತಿರಲೇಬೇಕು. ಹಿಂದಿನಿಂದ ತುಂಬುವಂತಾದರೆ ಅವನು ನೆಲಕ್ಕೆ ಒರಗಿಯೇ ತುಂಬಿ ಹೊಡೆಯಬಲ್ಲ. ಪ್ರಶ್ಯದ ಡ್ರೈಸೆ ‘ಸೂಜಿ ಬಂದೂಕು’ ಇದನ್ನು ಸಾಧಿಸಿತು: ಟ್ರಿಗರ್ ಎಳೆದಾಗ ಉದ್ದನೆಯ ಸೂಜಿಯೊಂದು ಕಾಗದದ ತೋಟೆಯನ್ನೂ ಮದ್ದನ್ನೂ ತೂರಿಕೊಂಡು ಗುಂಡಿನ ಹಿಂಬದಿಯಲ್ಲಿದ್ದ ಸಿಡಿಮದ್ದನ್ನು ಚುಚ್ಚುತ್ತಿತ್ತು. 1866ರ ಜುಲೈ 3ರಂದು ಕೋನಿಗ್‌ಗ್ರೇಟ್ಸ್ ಕದನದಲ್ಲಿ ಪ್ರಶ್ಯದ ಸೈನಿಕ ನಿಮಿಷಕ್ಕೆ ಐದು ಗುಂಡು ಹಾರಿಸುವಾಗ, ಬಾಯಿಯಿಂದ ತುಂಬುವ ಲೊರೆನ್ಸ್ ರೈಫಲ್ ಹಿಡಿದ ಆಸ್ಟ್ರಿಯದವನಿಗೆ ಒಂದೆರಡಷ್ಟೇ ಸಾಧ್ಯವಾಗುತ್ತಿತ್ತು. ಆದರೆ ಕಾಗದದ ತೋಟೆ ಹಿಂಬದಿಯ ಸಂದನ್ನು ಮುಚ್ಚಲಾರದು. ಅನಿಲ ಸೋರಿ ಸೈನಿಕನ ಮುಖಕ್ಕೇ ಬಡಿಯುತ್ತಿತ್ತು. ಫ್ರೆಂಚರ ಶಾಸ್‌ಪೋ ರಬ್ಬರಿನ ಬಿಲ್ಲೆಯಿಂದ ಆ ಸಂದು ಮುಚ್ಚಿ ಡ್ರೈಸೆಯನ್ನು ಮೀರಿಸಿತು. 1870ರಲ್ಲಿ ಫ್ರಾನ್ಸ್ ಸೋತದ್ದು ರೈಫಲಿನಿಂದಲ್ಲ, ಕ್ರುಪ್ ತೋಪುಗಳಿಂದ ಮತ್ತು ತನ್ನ ಸೇನಾಪತಿಗಳಿಂದ.

ನಿಜವಾದ ಉತ್ತರ ಹಿತ್ತಾಳೆಯಾಗಿತ್ತು. ಹಿತ್ತಾಳೆಯ ತೋಟೆ ಒತ್ತಡಕ್ಕೆ ಹಿಗ್ಗಿ, ನಳಿಗೆಯ ಹಿಂಬದಿಯಲ್ಲಿ ತಾನು ಕೂರುವ ಕೋಣೆಯ ಗೋಡೆಗೆ ಅಂಟಿ ಸಂದನ್ನು ತಾನೇ ಮುಚ್ಚುತ್ತದೆ, ಒತ್ತಡ ಇಳಿದಾಗ ಕುಗ್ಗಿ ಹೊರಬರುತ್ತದೆ. ಬಂದೂಕಿನ ಅತ್ಯಂತ ಕಷ್ಟದ ಕೆಲಸವನ್ನು ಪ್ರತಿ ಬಾರಿಯೂ ಎಸೆದುಬಿಡಬಹುದಾದ ಒಂದು ಭಾಗಕ್ಕೆ ವಹಿಸಿಕೊಟ್ಟಂತಾಯಿತು. ಹಳೆಯ ಎನ್‌ಫೀಲ್ಡಿನ ಹಿಂಬದಿಯನ್ನು ಕತ್ತರಿಸಿ ಮಾಡಿದ ಸ್ನೈಡರ್, ಆಮೇಲೆ 1871ರ ಮಾರ್ಟಿನಿ-ಹೆನ್ರಿ ಈ ಘಟ್ಟಕ್ಕೆ ಸೇರಿದವು.

ಹೊಗೆಯಿಲ್ಲದ ಮದ್ದು

ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. 1884ರಲ್ಲಿ ಪಾಲ್ ವಿಯೇಯ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ನೈಟ್ರೋಸೆಲ್ಯುಲೋಸಿನಿಂದ ತಯಾರಿಸಿದ ಮದ್ದು ಬಹುತೇಕ ಪೂರ್ತಿ ಅನಿಲವಾಗುತ್ತಿತ್ತು; ಎರಡೇ ವರ್ಷದಲ್ಲಿ ಫ್ರಾನ್ಸ್ 8 ಮಿಲಿಮೀಟರಿನ ಲೆಬೆಲ್ ರೈಫಲನ್ನು ಸೈನ್ಯಕ್ಕೆ ಕೊಟ್ಟಿತು. ಪರಿಣಾಮಗಳು ಒಂದನ್ನೊಂದು ಹಿಡಿದುಕೊಂಡು ಬಂದವು. ಒತ್ತಡ ಹೆಚ್ಚಿದ್ದರಿಂದ ಸಣ್ಣ ಗುಂಡನ್ನು ಹೆಚ್ಚು ವೇಗದಲ್ಲಿ ಕಳುಹಿಸಬಹುದಾಯಿತು, ಆ ವೇಗಕ್ಕೆ ಬರಿಯ ಸೀಸ ತೋಡಿನಲ್ಲಿ ಹರಿದುಹೋಗುತ್ತಿದ್ದುದರಿಂದ ಗುಂಡಿಗೆ ಗಟ್ಟಿ ಲೋಹದ ಹೊದಿಕೆ ಬಂತು, ವೇಗ ಹೆಚ್ಚಿದಷ್ಟೂ ಗುಂಡಿನ ದಾರಿ ನೆಲಕ್ಕೆ ಸಮವಾಗಿ ಚಪ್ಪಟೆಯಾದ್ದರಿಂದ ದೂರವನ್ನು ತಪ್ಪಾಗಿ ಅಂದಾಜಿಸಿದರೂ ಗುರಿ ತಪ್ಪುವುದು ಕಡಿಮೆಯಾಯಿತು. ಮಾರ್ಟಿನಿಯ ಗುಂಡು ಸೆಕೆಂಡಿಗೆ ಸುಮಾರು 410 ಮೀಟರ್ ವೇಗದ್ದು, 1910ರ ಬ್ರಿಟಿಷ್ .303 ಅಂಗುಲದ ಗುಂಡು 744 ಮೀಟರ್. ಹೊಗೆ ಇಲ್ಲದ್ದರಿಂದ ಹೊಡೆದವನು ಎಲ್ಲಿದ್ದಾನೆಂದೂ ತಿಳಿಯದಾಯಿತು.

ಬಂದೂಕು ಮದ್ದಿನ ಹಿಂದೆ ನಡೆಯುತ್ತದೆ ಎಂಬುದಕ್ಕೆ ಲೀ-ಮೆಟ್‌ಫರ್ಡ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1888ರ ಈ ರೈಫಲ್‌ನ ತೋಡುಗಳು ಮಸಿ ಕಟ್ಟದಿರಲೆಂದು ಆಳವಿಲ್ಲದೆ, ಮೂಲೆಯಿಲ್ಲದೆ ಕೊರೆದವು. ಬ್ರಿಟಿಷರ ಹೊಗೆಯಿಲ್ಲದ ಮದ್ದಾದ ಕಾರ್ಡೈಟ್ ಬಂದಾಗ ಮಸಿಯ ಚಿಂತೆ ಹೋಯಿತು, ಬದಲಿಗೆ ಅದರ ಕಾವು ಆ ತೆಳು ತೋಡುಗಳನ್ನು ಸವೆಸತೊಡಗಿತು. 1895ರಲ್ಲಿ ಜೇಮ್ಸ್ ಪ್ಯಾರಿಸ್ ಲೀ ಅವರ ವಿನ್ಯಾಸದ, ತೋಟೆಯನ್ನು ಒಳಕ್ಕೆ ತಳ್ಳಿ ಹಿಂಬದಿ ಮುಚ್ಚುವ ಬೋಲ್ಟು, ತೋಟೆಗಳನ್ನು ತುಂಬಿಡುವ ಮ್ಯಾಗಜಿನ್‌ಗಳನ್ನು ಹಾಗೆಯೇ ಇಟ್ಟುಕೊಂಡು ನಳಿಗೆಗೆ ಮಾತ್ರ ಎನ್‌ಫೀಲ್ಡ್ ಕಾರ್ಖಾನೆಯ ಆಳ ತೋಡು ಹಾಕಿದರು. ಹೀಗೆ ಹುಟ್ಟಿದ ಹೆಸರು ಲೀ-ಎನ್‌ಫೀಲ್ಡ್.

ಸಣ್ಣ ಗುಂಡು ಎದುರಾಳಿಯನ್ನು ತೂರಿ ಹೋಗುತ್ತದೆ, ತಡೆಯುವುದಿಲ್ಲ ಎಂಬ ದೂರೂ ಆಗಲೇ ಎದ್ದಿತು. ಇದಕ್ಕೆ ಡಂಡಂ ಕಾರ್ಖಾನೆಯಲ್ಲಿ ಗುಂಡಿನ ಮೂತಿಯ ಹೊದಿಕೆಯನ್ನು ತೆರೆದಿಟ್ಟು, ದೇಹಕ್ಕೆ ಹೊಕ್ಕಾಗ ಅರಳುವಂತೆ ಮಾಡಿದರು. 1857ರಲ್ಲಿ ಕೊಬ್ಬಿನ ಸುದ್ದಿ ಹುಟ್ಟಿದ ಅದೇ ಊರಿನ ಹೆಸರು ಹೀಗೆ ಜಗತ್ತಿನ ನಿಘಂಟುಗಳನ್ನು ಸೇರಿತು. ಅರಳುವ ಗುಂಡುಗಳನ್ನು 1899ರ ಹೇಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿತು.

ಇಲ್ಲಿಂದ ಎರಡನೆಯ ಮಹಾಯುದ್ಧದವರೆಗಿನದನ್ನು ಬೇಗ ಓದಿ ಮುಗಿಸಬಹುದು. ಐದು ತೋಟೆಗಳನ್ನು ಲೋಹದ ಪಟ್ಟಿಯಿಂದ ಒಮ್ಮೆಲೇ ತುಂಬುವ ಮೌಸರ್ ಪದ್ಧತಿಯ ಬೆಲೆಯನ್ನು ಬ್ರಿಟಿಷರು 1899ರಿಂದ 1902ರ ಬೋಯರ್ ಯುದ್ಧದಲ್ಲಿ ಪೆಟ್ಟು ತಿಂದು ಕಲಿತರು. ಹತ್ತು ಗುಂಡಿನ ಲೀ-ಎನ್‌ಫೀಲ್ಡ್ ಹಿಡಿದ ಬ್ರಿಟಿಷ್ ಸೈನಿಕರು 1914ರಲ್ಲಿ ಮೋನ್ಸ್‌ನಲ್ಲಿ ನಿಮಿಷಕ್ಕೆ ಹದಿನೈದು ಗುರಿಯಿಟ್ಟ ಗುಂಡುಗಳನ್ನು ಹಾರಿಸಬಲ್ಲವರಾಗಿದ್ದರು. ನಮ್ಮ ಪೊಲೀಸರ ಹೆಗಲ ಮೇಲೆ ಬಹುಕಾಲ ಕಂಡ ‘ತ್ರೀ ನಾಟ್ ತ್ರೀ’ ಇದೇ ವಂಶದ್ದು. ಬಂಗಾಳದ ಇಷಾಪುರ ಕಾರ್ಖಾನೆ ಇದನ್ನು ತಯಾರಿಸುತ್ತಿತ್ತು, 1962ರ ಚೀನಾ ಯುದ್ಧದಲ್ಲೂ ನಮ್ಮ ಸೈನಿಕರ ಮುಖ್ಯ ರೈಫಲ್ ಅದೇ.

ತೋಟೆ ಗಿಡ್ಡವಾದ ಕಥೆ

ಲೀ-ಎನ್‌ಫೀಲ್ಡ್‌ನ ಗುರಿಪಟ್ಟಿಯಲ್ಲಿ 2,000 ಗಜದವರೆಗೆ ಗುರುತುಗಳಿದ್ದವು. ಕಾದಾಟಗಳಾದರೋ ಬಹುಪಾಲು 300–400 ಮೀಟರಿನೊಳಗೇ ನಡೆಯುತ್ತಿದ್ದವು. ಬಳಕೆಗೆ ಬಾರದ ಆ ದೂರಕ್ಕಾಗಿ ಸೈನಿಕ ಹೆಚ್ಚು ಮದ್ದು, ಹೆಚ್ಚು ತೂಕ, ಹೆಚ್ಚು ಒದೆತವನ್ನು ಹೊರುತ್ತಿದ್ದ. ಜರ್ಮನರು ತಮ್ಮ 7.92 ಮಿಲಿಮೀಟರಿನ ತೋಟೆಯನ್ನು 57 ಮಿಲಿಮೀಟರ್ ಉದ್ದದಿಂದ 33ಕ್ಕೆ ಗಿಡ್ಡ ಮಾಡಿದರು. ಒದೆತ ತಗ್ಗಿದ್ದರಿಂದ ಒಬ್ಬನೇ ಸೈನಿಕ ಹೆಗಲಿಗಿಟ್ಟು ಸತತವಾಗಿ ಹಾರಿಸಬಲ್ಲ ರೈಫಲ್ ಸಾಧ್ಯವಾಯಿತು. 1944ರಲ್ಲಿ ಅದಕ್ಕೆ ಸ್ಟುರ್ಮ್‌ಗೆವೇರ್, ಅಂದರೆ ದಾಳಿ ರೈಫಲ್ ಎಂಬ ಹೆಸರು ಬಂತು. ಸೋವಿಯತ್ ಒಕ್ಕೂಟವೂ 7.62×39 ಮಿಲಿಮೀಟರಿನ (ಮೊದಲನೆಯದು ನಳಿಗೆಯ ಅಳತೆ, ಎರಡನೆಯದು ತೋಟೆಯ ಕೊಳವೆಯ ಉದ್ದ) ಗಿಡ್ಡ ತೋಟೆಯನ್ನು 1943ರಲ್ಲೇ ರೂಪಿಸಿತ್ತು. ಮಿಖಾಯಿಲ್ ಕಲಾಶ್ನಿಕೋವ್ ಅವರ ರೈಫಲ್ ಸೈನ್ಯಕ್ಕೆ ಸೇರಿದ್ದು 1949ರಲ್ಲಿ. ಇಲ್ಲಿಯೂ ತೋಟೆ ಮೊದಲು, ಬಂದೂಕು ಆಮೇಲೆ.

ಅಮೆರಿಕ ಮಾತ್ರ ಹಟ ಹಿಡಿದು ಪೂರ್ಣ ಶಕ್ತಿಯ 7.62×51 ತೋಟೆಯನ್ನು ನೇಟೋ ದೇಶಗಳ ಮೇಲೆ ಹೇರಿತು. ಭಾರತದ ಎಸ್‌ಎಲ್‌ಆರ್ (ತಾನೇ ತುಂಬಿಕೊಳ್ಳುವ ರೈಫಲ್) ಕೂಡ ಇದೇ ತೋಟೆಯದು. ಕೆಲವೇ ವರ್ಷಗಳಲ್ಲಿ ಅಮೆರಿಕವೇ ಅದನ್ನು ಬಿಟ್ಟು, ಯೂಜೀನ್ ಸ್ಟೋನರ್ ವಿನ್ಯಾಸದ 5.56 ಮಿಲಿಮೀಟರಿನ ಎಂ-16ಕ್ಕೆ ಬಂತು. ಹಳೆಯದರ ಒಂದು ತೋಟೆ ಸುಮಾರು 24 ಗ್ರಾಂ, ಹೊಸದರದು ಸುಮಾರು 12. ಅದೇ ತೂಕಕ್ಕೆ ಇಮ್ಮಡಿ ಗುಂಡು. ವಿಯೆಟ್ನಾಮಿನಲ್ಲಿ ಈ ರೈಫಲ್ ಕದನದ ನಡುವೆಯೇ ಸಿಕ್ಕಿಕೊಂಡು ಸೈನಿಕರ ಜೀವಕ್ಕೆ ಎರವಾಯಿತು, 1967ರಲ್ಲಿ ಅಮೆರಿಕದ ಸಂಸತ್ತು ತನಿಖೆ ನಡೆಸಿತು. ವಿನ್ಯಾಸವನ್ನು ಒಂದು ಬಗೆಯ ಮದ್ದಿನೊಂದಿಗೆ ಪರೀಕ್ಷಿಸಿ, ಸೈನ್ಯಕ್ಕೆ ಇನ್ನೊಂದು ಬಗೆಯ ಮದ್ದು ತುಂಬಿದ ತೋಟೆ ಕೊಟ್ಟಿದ್ದರು. ಅದು ಹೆಚ್ಚು ಮಸಿ ಕಟ್ಟುತ್ತಿತ್ತು, ಬಂದೂಕು ಗುಂಡು ಹಾರಿಸುವ ವೇಗವನ್ನೂ ಅಳತೆ ಮೀರಿ ಹೆಚ್ಚಿಸುತ್ತಿತ್ತು. ಕೋಣೆಗೆ ಕ್ರೋಮಿಯಂ ಲೇಪವಿರಲಿಲ್ಲ, ಸ್ವಚ್ಛಗೊಳಿಸುವ ಸಾಮಗ್ರಿಯೂ ಸಾಕಷ್ಟು ಹೋಗಿರಲಿಲ್ಲ. ಬ್ರೌನ್ ಬೆಸ್ ಕಾಲದ ಮಸಿಯ ಸಮಸ್ಯೆ ಬಾಹ್ಯಾಕಾಶ ಯುಗದಲ್ಲೂ ಬಿಟ್ಟಿರಲಿಲ್ಲ.

ಭಾರತ 1990ರ ದಶಕದಲ್ಲಿ ಇನ್ಸಾಸ್ ರೈಫಲ್‌ನೊಂದಿಗೆ 5.56ಕ್ಕೆ ಬಂತು, ಕಾರ್ಗಿಲ್‌ನ ಚಳಿಯಲ್ಲಿ ಅದರ ಮ್ಯಾಗಜಿನ್ ಒಡೆದ ದೂರುಗಳು ಬಂದವು. 2019ರಲ್ಲಿ 7.62×51ರ ಸಿಗ್ 716 ರೈಫಲ್‌ಗಳನ್ನು ತರಿಸಿಕೊಂಡು, 2021ರಲ್ಲಿ ಅಮೇಠಿ ಜಿಲ್ಲೆಯ ಕೋರ್ವಾದಲ್ಲಿ 7.62×39ರ ಎಕೆ-203 ತಯಾರಿಸುವ ಒಪ್ಪಂದ ಮಾಡಿಕೊಂಡಿತು. ಒಂದೇ ಸೈನ್ಯಕ್ಕೆ ಮೂರು ಬಗೆಯ ತೋಟೆ ಒದಗಿಸಬೇಕಾದ ಸರಬರಾಜು ಅಧಿಕಾರಿಯ ಪಾಡನ್ನು ಊಹಿಸಿಕೊಳ್ಳಬಹುದು. ಅಮೆರಿಕವೂ ಎದೆಕವಚವನ್ನು ಭೇದಿಸುವ ಶಕ್ತಿ ಬೇಕೆಂದು 2022ರಲ್ಲಿ 6.8×51 ಮಿಲಿಮೀಟರಿನ ತೋಟೆಯ ಹೊಸ ರೈಫಲನ್ನು ಆರಿಸಿಕೊಂಡಿದೆ. ನೂರೈವತ್ತು ವರ್ಷ ಹೆಚ್ಚಾಗಿ ಕೆಳಮುಖವಾಗಿದ್ದ ಅಳತೆ ಈಗ ಮೇಲಕ್ಕೆ ಹೊರಳಿದೆ, ಅದರೊಂದಿಗೆ ತೂಕವೂ ಏರಿದೆ: ಏಳು ಮ್ಯಾಗಜಿನ್ ಹೊತ್ತ ಸೈನಿಕನ ಬಳಿ ಮೊದಲು 210 ಗುಂಡು ಇರುತ್ತಿದ್ದವು, ಈಗ 140.