ಹಾಡಿಗೆ ಬಂದದ್ದು ಹಕ್ಕೋ, ಸವಲತ್ತೋ?

ಕೊಡಗಿನಲ್ಲಿ ಕೋವಿ ಹಕ್ಕಿನ ಮಾತು ಬಂದರೆ ಯಾರೂ ಸುಮ್ಮನಿರುವುದಿಲ್ಲ. ಕಾನೂನಿನ ಪ್ರಕಾರ ಅದು ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಡಿ ಸಿಕ್ಕಿರುವ ಪರವಾನಗಿ ವಿನಾಯಿತಿ. 2019ರಲ್ಲಿ ಮುಂದುವರಿಸಿದ ಆದೇಶದ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಇದೇ ಜಿಲ್ಲೆಯ ಹಾಡಿಗಳಲ್ಲಿ, ಅಂದರೆ ಆದಿವಾಸಿ ವಸತಿಗಳಲ್ಲಿ, ಇರುವ ಜೇನುಕುರುಬ, ಬೆಟ್ಟಕುರುಬ, ಯರವರ ಅರಣ್ಯ ಹಕ್ಕಿಗೆ ಅಂಥ ಕೊನೆಯ ದಿನಾಂಕವಿಲ್ಲ. ಆದರೂ ಅದನ್ನು ಎಲ್ಲರೂ ಸರ್ಕಾರ ಮನಸ್ಸು ಮಾಡಿದರೆ ಕೊಡುವ ಸೌಲಭ್ಯವೆಂದೇ ನೋಡುತ್ತಾರೆ.

ಹಕ್ಕು-ಸವಲತ್ತಿನ ಈ ಗೊಂದಲ ಹಳೆಯದು. 1950ರ ಸಂವಿಧಾನ ಜೀವಿಸುವ ಹಕ್ಕನ್ನು ಮೂಲಭೂತ ಹಕ್ಕುಗಳ ಮೂರನೇ ಭಾಗದಲ್ಲಿಟ್ಟು, ಜೀವನೋಪಾಯ ಮತ್ತು ಪೌಷ್ಟಿಕತೆಯನ್ನು ಕೋರ್ಟಿನಲ್ಲಿ ಜಾರಿ ಮಾಡಿಸಲಾಗದ ನಾಲ್ಕನೇ ಭಾಗಕ್ಕೆ ಬಿಟ್ಟಿತು. 2013ರ ಆಹಾರ ಭದ್ರತಾ ಕಾಯ್ದೆ ಪಡಿತರಕ್ಕೆ ಕಾನೂನಿನ ಬಲ ತಂದಿತು: ಆದ್ಯತಾ ಕುಟುಂಬದಲ್ಲಿ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. ಕಾಯ್ದೆ ತಿದ್ದಿದರೆ ಈ ಲೆಕ್ಕ ಬದಲಾಗುತ್ತದೆ.

ಕಾಡಿನದು ಬೇರೆ ಕತೆ. ನಾಗರಹೊಳೆ 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಒಳಗಿದ್ದ ಹಲವು ಕುಟುಂಬಗಳು ಹೊರಬಿದ್ದು ಕಾಫಿ ತೋಟಗಳ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಸೇರಿದವು. 2006ರ ಅರಣ್ಯ ಹಕ್ಕು ಕಾಯ್ದೆ ಹೊಸದೇನನ್ನೂ ದಾನ ಮಾಡಲಿಲ್ಲ, ಮೊದಲೇ ಇದ್ದುದನ್ನು ಮಾನ್ಯ ಮಾಡಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ತಾವು ಹಕ್ಕು ಕೇಳುವ ಕಾಡಿನ ಭೂಮಿಯನ್ನು ಅನುಭವಿಸುತ್ತಿರಬೇಕು. ಮಿತಿ 4 ಹೆಕ್ಟೇರ್. ಮಾರುವಂತಿಲ್ಲ, ಮಕ್ಕಳಿಗೆ ಬರುತ್ತದೆ, ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಲ್ಲಿ. ಆ ದಿನಕ್ಕೆ ಮೊದಲೇ ಪುನರ್ವಸತಿಯಿಲ್ಲದೆ ಅಕ್ರಮವಾಗಿ ಹೊರಹಾಕಲ್ಪಟ್ಟವರಿಗೂ ದಾರಿಯಿದೆ.

ಈ ಹಕ್ಕಿಗೆ ಹಾಕಿದ ಅರ್ಜಿ ಎಡವುವುದು ಸಾಕ್ಷ್ಯದಲ್ಲಿ. ಮನೆ-ಗದ್ದೆಗೆ ನಮೂನೆ ‘ಎ’, ಜೇನು, ಸೌದೆ, ಮೀನಿನಂಥ ಸಮುದಾಯದ ಬಳಕೆಗೆ ‘ಬಿ’, ಇಡೀ ಕಾಡನ್ನು ಕಾಯ್ದು ನಿರ್ವಹಿಸುವ ಹಕ್ಕಿಗೆ ‘ಸಿ’. ‘ಎ’ ಮಾತ್ರ ತುಂಬಿ ಸುಮ್ಮನಾದರೆ ಮನೆಯ ಜಾಗ ಸಿಗಬಹುದು, ಜೇನಿನ ಮರ ಸಿಗುವುದಿಲ್ಲ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಸರ್ಕಾರಿ ಕಾಗದವೇ ಆಗಬೇಕೆಂದಿಲ್ಲ: ಹಳೇ ಬಾವಿ, ಸಮಾಧಿ ಜಾಗ, ದೇವರ ಬನ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಎಲ್ಲವೂ ನಿಯಮದಲ್ಲಿವೆ. ಉಪಗ್ರಹ ಚಿತ್ರ ಇವಕ್ಕೆ ಪೂರಕವಾಗಬಹುದು, ಬದಲಿಯಾಗುವಂತಿಲ್ಲ. ಪಡಿತರ ಚೀಟಿಯೂ ಸಾಕ್ಷ್ಯವೇ, ಆದರೆ ಅದರಲ್ಲಿ ಲೈನ್ ಮನೆಯ ವಿಳಾಸವಿದ್ದರೆ ‘ನೀವು ಕಾಡಿನವರಲ್ಲ’ ಎನ್ನುವವರ ಕೈಗೆ ಅದೇ ಅಸ್ತ್ರ. ಅಕ್ಕಿಗಾಗಿ ಮಾಡಿಸಿದ ಚೀಟಿ ಭೂಮಿಗೆ ಅಡ್ಡಬರುವುದು ಹೀಗೆ. ಅಂಥವರು ಯಾವ ವರ್ಷ, ಯಾವ ಹಾಡಿಯಿಂದ, ಯಾಕೆ ಲೈನಿಗೆ ಬಂದರೆಂಬುದನ್ನು ಹಿರಿಯರ ಹೇಳಿಕೆಯಲ್ಲಿ ಬರೆಸಲೇಬೇಕು.

ಪುನರ್ವಸತಿ ಪ್ಯಾಕೇಜು ಇನ್ನೊಂದು ಗೋಜಲು. ಹುಲಿ ಮೀಸಲಿನಿಂದ ಹೊರಬರುವ ಕುಟುಂಬಕ್ಕೆ 10 ಲಕ್ಷ ಇದ್ದದ್ದು 2021ರಲ್ಲಿ 15 ಲಕ್ಷವಾಯಿತು. ಅದು ಯೋಜನೆ. ಹಕ್ಕಿನ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು ಎಂಬುದು ಕಾಯ್ದೆ. ಅರ್ಜಿ ಇತ್ಯರ್ಥವಾಗದೆ ಪ್ಯಾಕೇಜಿನ ಮಾತು ಮೊದಲು ಬಂದರೆ, ಎಷ್ಟೇ ಸೌಜನ್ಯದಿಂದ ಬಂದರೂ, ಕ್ರಮ ತಲೆಕೆಳಗಾದಂತೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯ ಆದಿವಾಸಿ ಗುಡಿಸಲುಗಳು ತೆರವಾದಾಗಲೂ, 2025ರ ಮೇನಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರುಕೊಲ್ಲಿಗೆ ಮರಳಿದಾಗಲೂ ಹೆಚ್ಚಿನ ಚರ್ಚೆ ಮನೆ, ಹಣ, ಸೌಲಭ್ಯದ ಸುತ್ತಲೇ ತಿರುಗಿತು.

ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ, ಅದರ ಮೇಲೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹೋಗಲು 60 ದಿನ. ಬಾಯಿಮಾತಿನಲ್ಲಿ ‘ಆಗಲ್ಲ’ ಅಂದರೆ ಆ 60 ದಿನವನ್ನು ಎಂದಿನಿಂದ ಎಣಿಸುವುದು? ಹಾಗಾಗಿ ನಮೂನೆ ಕೊಡುವಾಗಲೇ ಸಹಿ, ದಿನಾಂಕವಿರುವ ಸ್ವೀಕೃತಿ ಪಡೆದು, ತಿರಸ್ಕಾರವಾದರೆ ಆದೇಶದ ಪ್ರತಿ ಕೇಳಿ ಇಟ್ಟುಕೊಳ್ಳಬೇಕು.