ಡಾಕ್ಟರ್ ಓಡಿಸಿದ ಗಾಡಿ, ಬರೀ 34 ಸಾವಿರ ಕಿಲೋಮೀಟರ್: ತಗೋಬಹುದಾ?

ಪ್ರಶ್ನೆ: 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು, ಮೀಟರ್ 34 ಸಾವಿರ. ಅದೇ ವರ್ಷದ, ಅದೇ ಮಾಡೆಲ್‌ನ ಇನ್ನೊಂದು 80 ಸಾವಿರ ಓಡಿದೆ, ರೇಟು 60 ಸಾವಿರ ರೂಪಾಯಿ ಕಡಿಮೆ. ಯಾವುದು ತಗೊಳ್ಳಲಿ?

ಊರು ಬದಲಾಗುತ್ತದೆ, ಗಾಡಿ ಬದಲಾಗುತ್ತದೆ, ಈ ಪ್ರಶ್ನೆಯಲ್ಲಿ ಡಾಕ್ಟರ್ ಮಾತ್ರ ಬದಲಾಗುವುದಿಲ್ಲ. ಹಳೇ ಕಾರು ಮಾರುವವರನ್ನು ನಂಬುವುದಾದರೆ ನಮ್ಮ ಡಾಕ್ಟರುಗಳು ಮನೆ–ಕ್ಲಿನಿಕ್ ಬಿಟ್ಟು ಬೇರೆಲ್ಲೂ ಹೋದವರೇ ಅಲ್ಲ.

ಸರ್ವೀಸ್ ದಾಖಲೆ ಪೂರ್ತಿ ಇದ್ದರೆ 80 ಸಾವಿರದ್ದೇ ತಗೊಳ್ಳಿ. ಕಿಲೋಮೀಟರ್ ಕಡಿಮೆ ಅಂದರೆ ಗಾಡಿ ಚೆನ್ನಾಗಿದೆ ಅನ್ನುವುದು ಎರಡು ಕಾರಣಕ್ಕೆ ತಪ್ಪು.

ಮೊದಲನೆಯದು, ಆ ಅಂಕಿಯೇ ಸುಳ್ಳಿರಬಹುದು. ಡಿಜಿಟಲ್ ಮೀಟರ್ ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವೇನಲ್ಲ. ಆದರೆ ಟೈರ್ ಸುಳ್ಳು ಹೇಳುವುದಿಲ್ಲ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 1121 ಅಂತಿದ್ದರೆ 2021ರ 11ನೇ ವಾರದಲ್ಲಿ ತಯಾರಾದ ಟೈರ್. ಅಂದರೆ 2017ರ ಗಾಡಿಯ ಮೊದಲ ಸೆಟ್ ಸುಮಾರು ನಾಲ್ಕು ವರ್ಷಕ್ಕೇ ಹೋಗಿದೆ. ಕಂಪನಿ ಟೈರು ಸಾಮಾನ್ಯವಾಗಿ 40 ಸಾವಿರ ದಾಟುತ್ತದೆ. ಈಗಿರುವ ಸೆಟ್ಟೂ ಅರ್ಧ ಸವೆದಿದ್ದರೆ 34 ಸಾವಿರ ಎಲ್ಲಿಂದ ಬಂತು? ಕ್ಲಚ್, ಬ್ರೇಕ್ ಪೆಡಲ್‌ಗಳ ರಬ್ಬರ್ ಗೆರೆ ಅಳಿಸಿ ನುಣ್ಣಗಾಗಿದೆಯಾ, ಸ್ಟೀರಿಂಗ್ ಮಿರಮಿರ ಹೊಳೆಯುತ್ತಿದೆಯಾ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯಾ ನೋಡಿ. ಆಮೇಲೆ ಓನರನ್ನೇ ಜೊತೆಗೆ ಕರೆದುಕೊಂಡು ಕಂಪನಿ ಸರ್ವೀಸ್ ಸೆಂಟರಿಗೆ ಹೋಗಿ ಹಿಸ್ಟರಿ ತೆಗೆಸಿ. ಪ್ರತಿ ಸಲ ಗಾಡಿ ಒಳಗೆ ಹೋದಾಗ ತಾರೀಖು, ಕಿಲೋಮೀಟರ್ ಎರಡೂ ದಾಖಲಾಗಿರುತ್ತವೆ. 2020ರಲ್ಲಿ 52 ಸಾವಿರ ಇದ್ದದ್ದು ಈಗ 34 ಆಗಲು ಸಾಧ್ಯವಿಲ್ಲ. ಅಲ್ಲಿಗೆ ಓನರ್ ಬರಲು ಒಪ್ಪದಿದ್ದರೆ ಮುಂದಿನ ಗಾಡಿ ನೋಡಿ.

ಎರಡನೆಯದನ್ನು ಯಾರೂ ಯೋಚಿಸುವುದಿಲ್ಲ. ಅಂಕಿ ನಿಜವೇ ಇರಲಿ, ಪ್ರತಿ ಸಲ ಎರಡೇ ಕಿಲೋಮೀಟರ್ ಓಡಿ ನಿಲ್ಲುವ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ, ಉರಿಯದ ಪೆಟ್ರೋಲ್ ಆಯಿಲ್‌ನಲ್ಲೇ ಉಳಿದು ಕಪ್ಪು ಜಿಡ್ಡಾಗುತ್ತದೆ. ನಿಂತಲ್ಲೇ ನಿಂತ ಟೈರ್ ಗಟ್ಟಿಯಾಗುತ್ತದೆ, ಬುಷ್, ಹೋಸ್‌ಗಳ ರಬ್ಬರ್ ಬಿರಿಯುತ್ತದೆ, ವೈರು ಇಲಿಯ ಪಾಲು. ಬಿಎಸ್‌-6 (ಹೊಸ ಹೊಗೆ ನಿಯಮದ) ಡೀಸೆಲ್ ಆದರೆ ಇನ್ನೂ ಕೆಟ್ಟದ್ದು. ಹೈವೇ ಕಾಣದಿದ್ದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೈವೇಯಲ್ಲಿ ಓಡಿದ, ವೇಳೆಗೆ ಆಯಿಲ್ ಬದಲಾಯಿಸಿದ 80 ಸಾವಿರದ ಇಂಜಿನ್ ಇದಕ್ಕಿಂತ ಎಷ್ಟೋ ಮೇಲು.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. ಬಾನೆಟ್ ಮುಟ್ಟಿದಾಗ ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ, ಇನ್ನೊಂದು ದಿನ ಬನ್ನಿ. ತಣ್ಣನೆ ಇಂಜಿನ್ ನೀಲಿ ಹೊಗೆ ಬಿಟ್ಟರೆ ಆಯಿಲ್ ಉರಿಯುತ್ತಿದೆ. ಸೀಟ್ ಬೆಲ್ಟ್ ಕೊನೆವರೆಗೂ ಎಳೆಯಿರಿ, ಮಣ್ಣಿನ ಗೆರೆ ಕಂಡರೆ ನೀರಲ್ಲಿ ಮುಳುಗಿದ ಗಾಡಿ. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಬೋಲ್ಟುಗಳ ಪೇಂಟ್ ಕಿತ್ತಿದ್ದರೆ ಫೆಂಡರ್ ಬಿಚ್ಚಿ ಹಾಕಿದ್ದಾರೆ, ಯಾಕೆ ಅಂತ ಕೇಳಿ.

ರೇಟಿನ ವಿಚಾರ: ಅದೇ ವರ್ಷ, ಅದೇ ವೇರಿಯಂಟ್‌ನ ಎಂಟು–ಹತ್ತು ಗಾಡಿಗಳ ಬೆಲೆ ನೋಡಿ ನಡುವಿನದ್ದು ಹಿಡಿಯಿರಿ. ಟೈರ್, ಬ್ಯಾಟರಿ, ಕ್ಲಚ್‌ಗೆ ತಗಲುವ ಖರ್ಚನ್ನು ಅದರಲ್ಲಿ ಕಳೆಯಿರಿ.

ಇನ್ನು ಯಾರೂ ಕೇಳದ್ದು, ಇನ್ಶೂರೆನ್ಸ್. "50 ಪರ್ಸೆಂಟ್ ನೋ ಕ್ಲೈಮ್ ಬೋನಸ್ ಇದೆ" ಅಂತ ರೇಟು ಏರಿಸುತ್ತಾರೆ. ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಆ ರಿಯಾಯಿತಿ ಓನರದ್ದು, ಗಾಡಿಯದ್ದಲ್ಲ, ನಿಮಗೆ ಬರುವುದಿಲ್ಲ. ಆದರೂ ಆ ಅಂಕಿ ನೋಡಿ. ಒಬ್ಬರೇ ಓನರ್ ಇಟ್ಟುಕೊಂಡಿದ್ದ ಇಷ್ಟು ಹಳೆಯ ಗಾಡಿಯ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ ಹಿಂದಿನ ವರ್ಷ ಕ್ಲೈಮ್ ಆಗಿದೆ, ಇಲ್ಲವೇ ಪಾಲಿಸಿ ಮುಗಿದು 90 ದಿನ ದಾಟಿತ್ತು. ಕೊಂಡ ಮೇಲೆ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಥರ್ಡ್ ಪಾರ್ಟಿ ಭಾಗ (ಬೇರೆಯವರಿಗಾದ ನಷ್ಟದ್ದು) ಗಾಡಿಯ ಜೊತೆಗೇ ಬರುತ್ತದೆ, ಆದರೆ ಹೆಸರು ಬದಲಾಗದಿದ್ದರೆ ನಿಮ್ಮದೇ ಬಂಪರ್ ಮುರಿದಾಗ ಕ್ಲೈಮ್ ಕೊಡದೆ ಕೈಯೆತ್ತಬಹುದು.